ವಲಸಿಗರ ಮನೆಯೊಳಗಿನ ಭಾರತ: ಡಯಾಸ್ಪೊರಾ ಸಿನಿಮಾ ಕಂಡ ಕುಟುಂಬಗಳು

ಭಾರತದಿಂದ ಹೊರಗೆ ನೆಲೆಸಿದ ಭಾರತೀಯ ಮೂಲದ ಕುಟುಂಬಗಳ ಬದುಕನ್ನು ಕಥಾವಸ್ತುವಾಗಿಸಿಕೊಂಡು, ಬಹುಮಟ್ಟಿಗೆ ಸ್ವತಃ ವಲಸೆ ಹೋದವರು ಇಲ್ಲವೇ ವಲಸಿಗರ ಮಕ್ಕಳು ನಿರ್ದೇಶಿಸಿದ ಚಿತ್ರಗಳನ್ನು ಡಯಾಸ್ಪೊರಾ ಸಿನಿಮಾ ಎಂದು ಕರೆಯುವ ರೂಢಿಯಿದೆ. ಬ್ರಿಟನ್ನಿನ ಗುರಿಂದರ್ ಚಡ್ಡಾ, ಅಮೆರಿಕದ ಮೀರಾ ನಾಯರ್, ಕೆನಡಾದ ದೀಪಾ ಮೆಹ್ತಾ ಈ ಪರಂಪರೆಯ ಮೂರು ಮುಖ್ಯ ಹೆಸರುಗಳು. ಮೂವರೂ ಮಹಿಳೆಯರೆಂಬುದು ಗಮನಾರ್ಹ. ವಿದೇಶದಲ್ಲಿ ‘ನಮ್ಮತನ’ವನ್ನು ಕಾಪಾಡುವ ಹೊಣೆ ಅಡುಗೆಮನೆಯ ಮೇಲೂ ಹೆಣ್ಣುಮಕ್ಕಳ ನಡತೆಯ ಮೇಲೂ ಬೀಳುವುದರಿಂದ, ಅದರ ಭಾರ ಎಷ್ಟೆಂಬುದು ಅವರಿಗೇ ಹೆಚ್ಚು ಗೊತ್ತಿರುತ್ತದೆ.

ಈ ಚಿತ್ರಗಳ ಕುರಿತು ಬರೆಯುವವರು ಸಾಮಾನ್ಯವಾಗಿ ‘ಎರಡು ಸಂಸ್ಕೃತಿಗಳ ನಡುವಣ ತಾಕಲಾಟ’ ಎಂಬ ಒಂದೇ ಮಾತಿಗೆ ಜೋತುಬೀಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಚಿತ್ರಗಳ ತಿರುಳು ಕೈತಪ್ಪುತ್ತದೆ. ಇವುಗಳಲ್ಲಿ ಉತ್ತಮವಾದವುಗಳ ನಿಜವಾದ ವಸ್ತು ಪೂರ್ವ-ಪಶ್ಚಿಮಗಳ ಜಗಳವಲ್ಲ. ಮನೆಯ ಹಿರಿಯರು ಸಂಸ್ಕೃತಿಯ ಹೆಸರಿನಲ್ಲಿ ವಿಧಿಸುವ ಕಟ್ಟಳೆಯ ಹಿಂದೆ ಅವರು ಯಾರಿಗೂ ಹೇಳದೆ ನುಂಗಿಕೊಂಡ ಒಂದು ಪೆಟ್ಟು ಇರುತ್ತದೆ: ಕಳೆದುಕೊಂಡ ಮನೆ, ಪರದೇಶದಲ್ಲಿ ಪಟ್ಟ ಅವಮಾನ, ಸಾವಿನ ದವಡೆಯಿಂದ ಪಾರಾದ ಒಂದು ರಾತ್ರಿ. ಮಕ್ಕಳಿಗೆ ಕಟ್ಟಳೆ ಗೊತ್ತು, ಪೆಟ್ಟು ಗೊತ್ತಿಲ್ಲ. ಅದು ತಿಳಿಯುವ ಗಳಿಗೆಯೇ ಕಥೆಯ ತಿರುವು.

ಕಾನೂನು ಕಟ್ಟಿದ ಕುಟುಂಬಗಳು

ಬ್ರಿಟನ್ನಿನ ಚಿತ್ರಗಳ ತಂದೆ ಅಂಗಡಿ ಇಟ್ಟವನೋ ವಿಮಾನ ನಿಲ್ದಾಣದ ನೌಕರನೋ ಆಗಿರುತ್ತಾನೆ. ಅಮೆರಿಕದ ಚಿತ್ರಗಳ ತಂದೆ ಹಲವೊಮ್ಮೆ ಪ್ರಾಧ್ಯಾಪಕ ಅಥವಾ ಎಂಜಿನಿಯರ್. ಈ ವ್ಯತ್ಯಾಸ ನಿರ್ದೇಶಕರ ಅಭಿರುಚಿಯಿಂದ ಬಂದುದಲ್ಲ, ವಲಸೆ ಕಾನೂನುಗಳಿಂದ ಬಂದುದು. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಗಳಿಗೆ ಕೈಗಳು ಬೇಕಾದಾಗ ಬ್ರಿಟನ್ ಕಾಮನ್‌ವೆಲ್ತ್ ದೇಶಗಳ ಜನರಿಗೆ ಬಾಗಿಲು ತೆರೆದಿಟ್ಟಿತ್ತು. 1962ರ ಕಾಯಿದೆ ಆ ಬಾಗಿಲನ್ನು ಅರ್ಧ ಮುಚ್ಚಿತು. ದುಡಿಯಲು ಬರುವವರಿಗೆ ಪರವಾನಗಿ ಕಡ್ಡಾಯವಾಯಿತು, ಆದರೆ ಈಗಾಗಲೇ ಇದ್ದವರ ಹೆಂಡತಿ-ಮಕ್ಕಳಿಗೆ ಪ್ರವೇಶ ಉಳಿಯಿತು. ಕೆಲವು ವರ್ಷ ದುಡಿದು ಊರಿಗೆ ಮರಳುವೆವೆಂದು ಹೋಗಿದ್ದ ಗಂಡಸರು ಅವಸರವಾಗಿ ಸಂಸಾರವನ್ನು ಕರೆಸಿಕೊಂಡರು. ವಲಸೆಯನ್ನು ತಡೆಯಲು ತಂದ ಕಾಯಿದೆ ವಲಸಿಗ ಕುಟುಂಬವನ್ನೇ ಹುಟ್ಟುಹಾಕಿದ್ದು ಚರಿತ್ರೆಯ ಒಂದು ವಿನೋದ. ಕೆನ್ಯಾದ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದಾಗ 1968ರಲ್ಲಿ ಮತ್ತೊಂದು ಕಾಯಿದೆ ಬಂತು.

ಅಮೆರಿಕದಲ್ಲಿ 1965ರ ಕಾಯಿದೆ ರಾಷ್ಟ್ರವಾರು ಕೋಟಾ ಪದ್ಧತಿಯನ್ನು ಕೈಬಿಟ್ಟು, ಕುಟುಂಬ ಸಂಬಂಧದ ಜೊತೆಗೆ ವೃತ್ತಿಪರರಿಗೂ ಆದ್ಯತೆ ನೀಡಿತು. ವೈದ್ಯರು, ವಿಜ್ಞಾನಿಗಳು, ಸಂಶೋಧನಾ ವಿದ್ಯಾರ್ಥಿಗಳು ಹೋದರು. ಕೆನಡಾ 1967ರಲ್ಲಿ ಅಂಕಗಳ ಆಧಾರದ ಪದ್ಧತಿಯನ್ನು ಜಾರಿಗೆ ತಂದಿತು.

ಮುಂಬೈ ಕಂಡ ಅನಿವಾಸಿ

ವಿದೇಶದಲ್ಲಿರುವ ಭಾರತೀಯನ ಬಗ್ಗೆ ಹಿಂದಿ ಚಿತ್ರರಂಗಕ್ಕೆ ಬೇರೆಯೇ ಕಲ್ಪನೆಯಿತ್ತು. ಮನೋಜ್ ಕುಮಾರ್ ಅವರ ‘ಪೂರಬ್ ಔರ್ ಪಶ್ಚಿಮ್’ (1970) ಚಿತ್ರದ ನಾಯಕಿ ಲಂಡನ್ನಿನಲ್ಲಿ ಸಿಗರೇಟು, ಮದ್ಯ, ಗಿಡ್ಡ ಉಡುಪುಗಳಲ್ಲಿ ಮುಳುಗಿದ್ದು, ಭಾರತಕ್ಕೆ ಬಂದು ಸೀರೆಯುಟ್ಟು ಉದ್ಧಾರವಾಗುತ್ತಾಳೆ. ಕಾಲು ಶತಮಾನದ ಬಳಿಕ ಆದಿತ್ಯ ಚೋಪ್ರಾ ಅವರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ (1995) ಈ ಸಮೀಕರಣವನ್ನು ತಿರುವಿಹಾಕಿತು. ವಿದೇಶದಲ್ಲೇ ಬೆಳೆದ ನಾಯಕ ಊರಿನಲ್ಲಿರುವ ವರನಿಗಿಂತ ಹೆಚ್ಚು ಭಾರತೀಯ! ಪ್ರೇಯಸಿಯೊಡನೆ ಓಡಿಹೋಗಲು ಒಪ್ಪದೆ, ತಂದೆಯ ಕೈಯಿಂದಲೇ ಕನ್ಯಾದಾನ ಪಡೆಯಲು ಹಟ ಹಿಡಿಯುತ್ತಾನೆ. ‘ಪರ್‌ದೇಸ್’ (1997), ‘ಕಭಿ ಖುಷಿ ಕಭಿ ಗಮ್’ (2001) ಇದೇ ದಾರಿಯಲ್ಲಿ ನಡೆದವು. 1991ರ ಆರ್ಥಿಕ ಉದಾರೀಕರಣದ ನಂತರ ಡಾಲರು-ಪೌಂಡುಗಳಲ್ಲಿ ಟಿಕೆಟು ಕೊಳ್ಳುವ ಪ್ರೇಕ್ಷಕನನ್ನು ದೇಶಭ್ರಷ್ಟನೆಂದು ಬೈಯುವುದು ನಿರ್ಮಾಪಕರಿಗೆ ಸಾಧ್ಯವಿರಲಿಲ್ಲ.

ಆ ಚಿತ್ರದಲ್ಲಿ ಅಮರೀಶ್ ಪುರಿ ನಿರ್ವಹಿಸಿದ ಬಲದೇವ್ ಸಿಂಗ್ ಪಾತ್ರವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಲಂಡನ್ನಿನಲ್ಲಿ ಅಂಗಡಿ ನಡೆಸುವ ಈತ ಟ್ರಫಾಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತ ಪಂಜಾಬಿನ ಸಾಸಿವೆ ಹೊಲಗಳನ್ನು ಧ್ಯಾನಿಸುತ್ತಾನೆ. ಎರಡು ದಶಕಗಳ ಲಂಡನ್ ವಾಸದಲ್ಲಿ ಅವನಿಗೆ ಏನಾಯಿತು, ಯಾರು ಏನೆಂದರು, ಮಗಳ ಕುರಿತು ಅಷ್ಟೊಂದು ಹೆದರಿಕೆ ಏಕೆ ಎಂಬುದನ್ನು ಚಿತ್ರ ಕೇಳುವುದೇ ಇಲ್ಲ. ಅವನಿಗಿರುವುದು ಊರಿನ ಹಂಬಲವೊಂದೇ. ಹಂಬಲಕ್ಕೆ ಮದ್ದು ವಿಮಾನದ ಟಿಕೆಟು. ಪೆಟ್ಟಿಗೆ ಅಂಥ ಮದ್ದಿಲ್ಲ. ಡಯಾಸ್ಪೊರಾ ಸಿನಿಮಾ ಮತ್ತು ಮುಂಬೈಯ ಅನಿವಾಸಿ ಚಿತ್ರಗಳ ದಾರಿ ಕವಲೊಡೆಯುವುದು ಇಲ್ಲಿಯೇ.

ಕಂಪಾಲಾದ ಮನೆ

ಮೀರಾ ನಾಯರ್ ಅವರ ‘ಮಿಸಿಸಿಪಿ ಮಸಾಲಾ’ (1991) ಆರಂಭವಾಗುವುದು ಭಾರತದಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ, 1972ರ ಉಗಾಂಡದಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಸರ್ವಾಧಿಕಾರಿ ಇದಿ ಅಮಿನ್ ಏಷ್ಯನ್ನರೆಲ್ಲ 90 ದಿನಗಳಲ್ಲಿ ದೇಶ ಬಿಡಬೇಕೆಂದು ಆಜ್ಞಾಪಿಸಿದ. ತಲೆಮಾರುಗಳಿಂದ ನೆಲೆಸಿದ್ದ ಗುಜರಾತಿ ಮತ್ತಿತರ ಕುಟುಂಬಗಳು ಮನೆ, ಅಂಗಡಿ, ತೋಟಗಳನ್ನು ಬಿಟ್ಟು ಹೊರಟವು. ಸುಮಾರು 27 ಸಾವಿರ ಮಂದಿ ಬ್ರಿಟನ್ ಸೇರಿದರು. ಚಿತ್ರದ ಜಯ್ (ರೋಷನ್ ಸೇಠ್) ಕಂಪಾಲಾದ ವಕೀಲ. ಆಫ್ರಿಕಾವೇ ತನ್ನ ದೇಶವೆಂದು ನಂಬಿದವನು. ಬಾಲ್ಯದಿಂದ ಜೊತೆಗಿದ್ದ ಕರಿಯ ಗೆಳೆಯನೇ, ಇನ್ನು ಆಫ್ರಿಕಾ ಕರಿಯರಿಗೆ ಮಾತ್ರ ಎಂದು ಹೇಳಿದಾಗ ಅವನಿಗೆ ಆಗುವ ನೋವು ಮುಂದಿನ ಹದಿನೆಂಟು ವರ್ಷ ಕರಗುವುದಿಲ್ಲ.

ಮುಂದೆ ಕುಟುಂಬ ಅಮೆರಿಕದ ಮಿಸಿಸಿಪಿ ರಾಜ್ಯದ ಗ್ರೀನ್‌ವುಡ್ ಊರಿನಲ್ಲಿ, ಬಂಧುಗಳ ಮೋಟೆಲ್ ಒಂದರಲ್ಲಿ ನೆಲೆಯೂರುತ್ತದೆ. ಹೆಂಡತಿ ಕಿನ್ನು (ಶರ್ಮಿಳಾ ಟಾಗೋರ್) ಮದ್ಯದಂಗಡಿ ನಡೆಸಿ ಸಂಸಾರ ತೂಗಿಸುತ್ತಾಳೆ. ಜಯ್ ಮಾತ್ರ ಕಿತ್ತುಕೊಂಡ ಆಸ್ತಿಗಾಗಿ ಉಗಾಂಡ ಸರಕಾರಕ್ಕೆ ಪತ್ರ ಬರೆಯುತ್ತ ಕೂರುತ್ತಾನೆ. ಭಾರತವನ್ನೇ ಕಾಣದ ಮಗಳು ಮೀನಾ (ಸರಿತಾ ಚೌಧರಿ), ರತ್ನಗಂಬಳಿ ತೊಳೆಯುವ ಉದ್ಯಮ ನಡೆಸುವ ಕರಿಯ ಯುವಕ ಡಿಮೀಟ್ರಿಯಸ್‌ನನ್ನು (ಡೆಂಜಲ್ ವಾಷಿಂಗ್ಟನ್) ಪ್ರೀತಿಸುತ್ತಾಳೆ. ಸುದ್ದಿ ಹರಡುತ್ತಲೇ ಭಾರತೀಯ ಮೋಟೆಲ್ ಮಾಲೀಕರು ಅವನಿಗೆ ಕೊಟ್ಟಿದ್ದ ಕೆಲಸಗಳನ್ನು ಹಿಂತೆಗೆದುಕೊಳ್ಳುತ್ತಾರೆ. ಬಿಳಿಯರ ಎದುರು ‘ನಾವೂ ಬಣ್ಣದವರು’ ಎಂದು ಒಗ್ಗಟ್ಟಿನ ಮಾತಾಡುವವರು ಮಗಳ ಪ್ರಶ್ನೆ ಬಂದಾಗ ಬಣ್ಣದ ತಕ್ಕಡಿ ಹಿಡಿಯುವುದನ್ನು ನಾಯರ್ ಯಾವ ಮುಲಾಜೂ ಇಲ್ಲದೆ ತೋರಿಸಿದ್ದಾರೆ. ಜಾತಿಯ ಹೆಸರೆತ್ತದೆಯೇ ಜಾತಿಯ ಲೆಕ್ಕಾಚಾರವನ್ನು ಇಷ್ಟು ಸ್ಪಷ್ಟವಾಗಿ ತೆರೆಯ ಮೇಲೆ ತಂದ ಚಿತ್ರಗಳು ಹೆಚ್ಚಿಲ್ಲ.

ಜಯ್ ಮಗಳ ಪ್ರೇಮವನ್ನು ವಿರೋಧಿಸುವುದು ಗುಜರಾತಿನ ಸಂಪ್ರದಾಯಕ್ಕಾಗಿ ಅಲ್ಲ. ಕಂಪಾಲಾದ ಗೆಳೆಯ ತನ್ನನ್ನು ಹೊರಗಟ್ಟಿದನೆಂಬ ಎಣಿಕೆಯಿಂದ. ಕೊನೆಗೆ ಅವನು ಉಗಾಂಡಕ್ಕೆ ಹೋದಾಗ ಮನೆ ಪಾಳುಬಿದ್ದಿದೆ, ಗೆಳೆಯ ಬದುಕಿಲ್ಲ. ಮೊಕದ್ದಮೆಯನ್ನು ಕೈಬಿಡುತ್ತಾನೆ. ಚಿತ್ರದ ಸಂಶೋಧನೆಗೆಂದು ತಿರುಗಾಡುವಾಗಲೇ ನಾಯರ್ ಅವರಿಗೆ ಪರಿಚಯವಾದವರು, ಸ್ವತಃ 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟಿದ್ದ ವಿದ್ವಾಂಸ ಮಹಮೂದ್ ಮಮ್ದಾನಿ. ಈ ದಂಪತಿಯ ಮಗ, ಕಂಪಾಲಾದಲ್ಲಿ 1991ರಲ್ಲಿ ಹುಟ್ಟಿದ ಜೊಹ್ರಾನ್ ಮಮ್ದಾನಿ, 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಆಗಿ ಚುನಾಯಿತರಾದರು.

ಬ್ರಿಟನ್ನಿನ ಅಡುಗೆಮನೆ, ಆಟದ ಮೈದಾನ

ನೈರೋಬಿಯಲ್ಲಿ ಹುಟ್ಟಿ ಲಂಡನ್ನಿನ ಸೌಥಾಲ್‌ನಲ್ಲಿ ಬೆಳೆದ ಗುರಿಂದರ್ ಚಡ್ಡಾ ಅವರ ಮೊದಲ ಕಥಾಚಿತ್ರ ‘ಭಾಜಿ ಆನ್ ದ ಬೀಚ್’ (1993). ಮೀರಾ ಸ್ಯಾಲ್ ಚಿತ್ರಕಥೆ ಬರೆದ ಈ ಸಿನಿಮಾದಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದಷ್ಟು ಮಹಿಳೆಯರು ವ್ಯಾನ್ ಹತ್ತಿ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಒಂದು ದಿನದ ಪ್ರವಾಸ ಹೋಗುತ್ತಾರೆ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟವಳು, ಕರಿಯ ಗೆಳೆಯನಿಂದ ಗರ್ಭಿಣಿಯಾದ ವೈದ್ಯಕೀಯ ವಿದ್ಯಾರ್ಥಿನಿ, ಅಂಗಡಿಯ ಕೆಲಸದಲ್ಲಿ ಸವೆದ ಗೃಹಿಣಿ ಎಲ್ಲರೂ ಅದರಲ್ಲಿದ್ದಾರೆ. ಮುಂಬೈಯಿಂದ ಬಂದ ಆಧುನಿಕ ಹೆಂಗಸೊಬ್ಬಳೂ ಜೊತೆಗಿದ್ದಾಳೆ. ಇಂಗ್ಲೆಂಡಿನ ಈ ಅಕ್ಕಂದಿರು ಎದೆಗವಚಿಕೊಂಡಿರುವ ಭಾರತ, ಭಾರತದಲ್ಲೇ ಎಂದೋ ಕಣ್ಮರೆಯಾಗಿದೆ ಎಂಬುದನ್ನು ಕಂಡು ಅವಳು ನಗುತ್ತಾಳೆ. ಊರು ಬಿಟ್ಟ ದಿನ ಗಡಿಯಾರ ನಿಲ್ಲಿಸಿದವರ ಮನೆಯಲ್ಲಿ ಮಕ್ಕಳು ಬೆಳೆಯಬೇಕಾದ ಸಂಕಟ ಆ ಒಂದು ನಗುವಿನಲ್ಲಿದೆ.

ಚಡ್ಡಾ ಅವರಿಗೆ ಲೋಕಪ್ರಸಿದ್ಧಿ ತಂದುಕೊಟ್ಟದ್ದು ‘ಬೆಂಡ್ ಇಟ್ ಲೈಕ್ ಬೆಕಹ್ಯಾಮ್’ (2002). ಹೀಥ್ರೂ ವಿಮಾನ ನಿಲ್ದಾಣದ ಸಮೀಪದ ಹೌನ್ಸ್‌ಲೋ ಪ್ರದೇಶ. ಮನೆಗಳ ಮಾಡಿನ ಮೇಲೆ ವಿಮಾನಗಳು ಹಾರುತ್ತಲೇ ಇರುತ್ತವೆ. ಸಿಖ್ ಕುಟುಂಬದ ಕಿರಿಯ ಮಗಳು ಜೆಸ್ ಭಾಮ್ರಾ (ಪರ್ಮಿಂದರ್ ನಾಗ್ರಾ) ಫುಟ್‌ಬಾಲ್ ಆಡಬೇಕು. ತಾಯಿಗೆ ಅವಳು ಆಲೂ-ಗೋಬಿ ಮಾಡಲು ಕಲಿಯಬೇಕು. ಇಷ್ಟು ಹೇಳಿದರೆ ಮಾಮೂಲಿ ಹಾಸ್ಯಚಿತ್ರ ಅನ್ನಿಸೀತು. ಅದನ್ನು ಮೇಲೆತ್ತುವುದು ಅನುಪಮ್ ಖೇರ್ ನಿರ್ವಹಿಸಿದ ತಂದೆಯ ಪಾತ್ರ. ನೈರೋಬಿಯಲ್ಲಿ ಹೆಸರುವಾಸಿ ಬೌಲರ್ ಆಗಿದ್ದ ಆತ ಇಂಗ್ಲೆಂಡಿಗೆ ಬಂದಾಗ ಪೇಟದ ಕಾರಣಕ್ಕೆ ಗೇಲಿಗೊಳಗಾಗಿ, ಕ್ರಿಕೆಟ್ ಕ್ಲಬ್ಬುಗಳಿಂದ ಹೊರಗುಳಿದು, ಆಟವನ್ನೇ ತೊರೆದಿರುತ್ತಾನೆ. ಮಗಳನ್ನು ತಡೆಯುತ್ತಿರುವುದು ಸಿಖ್ ಧರ್ಮವಲ್ಲ, ಆ ದಿನಗಳ ನೆನಪು. ಹಿರಿಯ ಮಗಳ ಮದುವೆಯ ಗದ್ದಲದ ನಡುವೆ ಆತ ಕಿರಿಯವಳನ್ನು ಫೈನಲ್ ಪಂದ್ಯಕ್ಕೆ ಕಳುಹಿಸುತ್ತಾನೆ. ತಾನು ಆಟ ಬಿಟ್ಟದ್ದರಿಂದ ನಷ್ಟವಾದದ್ದು ತನಗೇ ಎಂಬ ಅರಿವು ಅವನಿಗೆ ಆಗಲೇ ಬಂದಿರುತ್ತದೆ. ಚಿತ್ರದ ಕೊನೆಯಲ್ಲಿ ಆತ ಉದ್ಯಾನದಲ್ಲಿ ಮತ್ತೆ ಕ್ರಿಕೆಟ್ ಆಡುವುದನ್ನು ಕಾಣುತ್ತೇವೆ.

ಒಂದು ಆಕ್ಷೇಪ ಎತ್ತಲೇಬೇಕು. ತಂದೆಗೆ ಇಷ್ಟೊಂದು ಒಳಬದುಕು ಕೊಟ್ಟ ಚಿತ್ರ ತಾಯಿಯನ್ನು ನಗೆಪಾಟಲಿನ ಪಾತ್ರವಾಗಿಯೇ ಉಳಿಸಿದೆ. ಕೆನ್ಯಾ ಬಿಟ್ಟು ಬಂದವಳು ಅವಳೂ ಹೌದಲ್ಲವೇ? ಅವಳ ಪೆಟ್ಟು ಯಾವುದೆಂದು ಪ್ರೇಕ್ಷಕರಿಗೆ ತಿಳಿಯುವುದೇ ಇಲ್ಲ.

ಪೆಟ್ಟನ್ನು ಅರಿಯುವುದೆಂದರೆ ಕ್ಷಮಿಸುವುದೆಂದೇನೂ ಅಲ್ಲ. ಅಯೂಬ್ ಖಾನ್-ದೀನ್ ಬರೆದು ಡೇಮಿಯನ್ ಓಡೊನೆಲ್ ನಿರ್ದೇಶಿಸಿದ ‘ಈಸ್ಟ್ ಈಸ್ ಈಸ್ಟ್’ (1999) ಪಾಕಿಸ್ತಾನಿ ಕುಟುಂಬದ ಕಥೆ. 1971ರ ಸಾಲ್ಫರ್ಡ್‌ನಲ್ಲಿ ಮೀನು-ಚಿಪ್ಸ್ ಅಂಗಡಿ ನಡೆಸುವ ಜಾರ್ಜ್ ಖಾನ್‌ನ ದೇಶ ಅತ್ತ ಯುದ್ಧದಲ್ಲಿ ಒಡೆಯುತ್ತಿದ್ದರೆ, ಇತ್ತ ಇಂಗ್ಲಿಷ್ ಹೆಂಡತಿಯಿಂದ ಹುಟ್ಟಿದ ಮಕ್ಕಳು ಅವನ ಕೈಮೀರುತ್ತಿದ್ದಾರೆ. ಓಂ ಪುರಿ ಆ ಮನುಷ್ಯನ ಒಂಟಿತನವನ್ನು ಮನಮುಟ್ಟುವಂತೆ ಅಭಿನಯಿಸಿದ್ದಾರೆ. ಆದರೂ ಅವನು ಹೆಂಡತಿಯ ಮೇಲೆ ಕೈಮಾಡುವ ದೃಶ್ಯದಲ್ಲಿ ಚಿತ್ರ ಅವನ ಪರ ನಿಲ್ಲುವುದಿಲ್ಲ.

ಒಂದು ಹೆಸರಿನ ಕಥೆ

ಜುಂಪಾ ಲಾಹಿರಿ ಅವರ 2003ರ ಕಾದಂಬರಿಯನ್ನು ಆಧರಿಸಿ ಮೀರಾ ನಾಯರ್ 2006ರಲ್ಲಿ ನಿರ್ಮಿಸಿದ ‘ದ ನೇಮ್‌ಸೇಕ್’ ಈ ಬಗೆಯ ಚಿತ್ರಗಳಲ್ಲಿ ಶ್ರೇಷ್ಠವೆಂದರೆ ತಪ್ಪಾಗಲಾರದು. ಅಶೋಕ್ (ಇರ್ಫಾನ್ ಖಾನ್) ಮತ್ತು ಆಶಿಮಾ (ಟಬು) ಗಂಗೂಲಿ ದಂಪತಿ ಕಲ್ಕತ್ತೆಯಿಂದ ಅಮೆರಿಕಕ್ಕೆ ಬರುತ್ತಾರೆ. ಬಂಗಾಳಿಗಳಲ್ಲಿ ಮಗುವಿಗೆ ಮನೆಯಲ್ಲಿ ಕರೆಯುವ ಹೆಸರೊಂದು, ಹೊರಗಿನ ಹೆಸರೊಂದು. ಹೊರಗಿನ ಹೆಸರನ್ನು ಅಜ್ಜಿ ಸೂಚಿಸಬೇಕು. ಅವಳ ಪತ್ರ ದಾರಿಯಲ್ಲೇ ಕಳೆದುಹೋಗುತ್ತದೆ. ಅಮೆರಿಕದ ಆಸ್ಪತ್ರೆ ಹೆಸರಿಲ್ಲದ ಮಗುವನ್ನು ಮನೆಗೆ ಬಿಡದು. ಹೀಗಾಗಿ ತಾತ್ಕಾಲಿಕವಾಗಿ ಇಟ್ಟ ‘ಗೊಗೊಲ್’ ಎಂಬ ರಷ್ಯನ್ ಲೇಖಕನ ಹೆಸರೇ ಅಂಟಿಕೊಳ್ಳುತ್ತದೆ. ಬೆಳೆದ ಮಗನಿಗೆ (ಕಾಲ್ ಪೆನ್) ಅದು ನಾಚಿಕೆ. ನಿಖಿಲ್ ಎಂದು ಬದಲಾಯಿಸಿಕೊಳ್ಳುತ್ತಾನೆ.

ತಂದೆ ಸತ್ಯ ಹೇಳುವುದು ಆಮೇಲೆ. ತರುಣನಾಗಿದ್ದಾಗ ಆತ ರೈಲಿನಲ್ಲಿ ಗೊಗೊಲ್‌ನ ಕಥೆಗಳನ್ನು ಓದುತ್ತಿದ್ದಾಗ ಅಪಘಾತವಾಯಿತು. ಶವಗಳ ನಡುವೆ ಬಿದ್ದಿದ್ದ ಅವನ ಕೈಯಲ್ಲಿದ್ದ ಪುಸ್ತಕದ ಹಾಳೆ ಅಲುಗಿದ್ದನ್ನು ಕಂಡು ರಕ್ಷಕರು ಎತ್ತಿಕೊಂಡರು. ಮಗನಿಗೆ ಇಟ್ಟದ್ದು ಯಾರೋ ಲೇಖಕನ ಹೆಸರಲ್ಲ, ಮರುಹುಟ್ಟಿನ ಹೆಸರು. ಹೆಸರಿಗೆ ಬಂಗಾಳದ ಸಂಪ್ರದಾಯದೊಡನೆ ಯಾವ ನಂಟೂ ಇಲ್ಲ. ಆದರೂ ಆ ಮನೆಗೆ ಅದಕ್ಕಿಂತ ಸ್ವಂತದ್ದು ಇನ್ನೊಂದಿಲ್ಲ. ಮನೆಯಿಂದ ದೂರದ ಕ್ಲೀವ್‌ಲ್ಯಾಂಡಿನಲ್ಲಿ ಒಂಟಿಯಾಗಿದ್ದಾಗ ತಂದೆ ತೀರಿಕೊಳ್ಳುತ್ತಾನೆ. ಮಗ ಯಾರೂ ಹೇಳದೆಯೇ ತಲೆ ಬೋಳಿಸಿಕೊಂಡು ಬರುತ್ತಾನೆ.

ಚಡ್ಡಾ ಚಿತ್ರದಲ್ಲಿ ಕಾಣದ ತಾಯಿ ಇಲ್ಲಿ ಸಿಗುತ್ತಾಳೆ. ಪಫ್ಡ್ ರೈಸ್ ಬೆಳಗಿನ ತಿಂಡಿಗೆ ಕಡಲೆಕಾಯಿ, ಈರುಳ್ಳಿ, ಖಾರ ಬೆರೆಸಿ ಕಲ್ಕತ್ತೆಯ ಮಂಡಕ್ಕಿ ಮಾಡಿಕೊಳ್ಳಲು ಹೆಣಗುವ ಬಸುರಿ ಆಶಿಮಾಳಿಂದಲೇ ಲಾಹಿರಿ ಕಾದಂಬರಿಯನ್ನು ಆರಂಭಿಸಿದ್ದಾರೆ. ರುಚಿಗೆ ಏನೋ ಒಂದು ಕಡಿಮೆ. ದಾವಣಗೆರೆ ಮಂಡಕ್ಕಿಯನ್ನು ನೆನೆದು ಪರದೇಶದಲ್ಲಿ ಹೀಗೆ ಬೆರೆಸಿ ನೋಡಿದ ಕನ್ನಡಿಗರಿಗೆ ವಿವರಣೆ ಬೇಕಾಗದು. ಗಂಡ ತೀರಿಕೊಂಡ ಮೇಲೆ ಆಶಿಮಾ ಮನೆ ಮಾರಿ, ವರ್ಷದಲ್ಲಿ ಆರು ತಿಂಗಳು ಭಾರತ, ಆರು ತಿಂಗಳು ಅಮೆರಿಕ ಎಂದು ನಿರ್ಧರಿಸುತ್ತಾಳೆ. ಮುಂಬೈಯ ನಾಯಕಿಯರಿಗೆ ಇಂಥ ಆಯ್ಕೆ ಹೊಳೆಯುವುದೇ ಇಲ್ಲ.

ಈಚಿನ ವರ್ಷಗಳಲ್ಲಿ ಪೆಟ್ಟು ಹಿರಿಯರಿಂದ ಮಕ್ಕಳಿಗೆ ದಾಟಿದೆ. ಮಿಂಡಿ ಕಾಲಿಂಗ್ ರೂಪಿಸಿದ ‘ನೆವರ್ ಹ್ಯಾವ್ ಐ ಎವರ್’ (2020-23) ಸರಣಿಯ ತಮಿಳು ಮೂಲದ ಹುಡುಗಿ ದೇವಿ, ತಂದೆಯ ಸಾವನ್ನು ಕಣ್ಣಾರೆ ಕಂಡವಳು. ಅವಳ ಮೊಂಡಾಟಗಳ ಬೇರು ಅಲ್ಲಿದೆ. ‘ಎರಡು ಸಂಸ್ಕೃತಿ’ ನೆಪ ಮಾತ್ರ.

ಕೊಲ್ಲಿಯ ಮಾತು ಬೇರೆ

ಅರಬ್ ಕೊಲ್ಲಿ ರಾಷ್ಟ್ರಗಳಲ್ಲಿ ವಲಸಿಗನಿಗೆ ಪೌರತ್ವ ಸಿಗುವುದು ತೀರ ಅಪರೂಪ; ಕಡಿಮೆ ಸಂಬಳದವನು ಸಂಸಾರವನ್ನು ಕರೆದೊಯ್ಯುವಂತೆಯೂ ಇಲ್ಲ. ಆದ್ದರಿಂದ ಕೊಲ್ಲಿಯ ಸಿನಿಮಾದಲ್ಲಿ ಎರಡನೆಯ ತಲೆಮಾರಿನ ತಾಕಲಾಟವಿಲ್ಲ, ದೂರದಲ್ಲಿ ಸವೆಯುವ ಗಂಡಸು ಮತ್ತು ಊರಲ್ಲಿ ಅವನ ಹಣದಿಂದ ಏಳುವ ಮನೆ ಇದೆ. ಸಲೀಂ ಅಹಮದ್ ಅವರ ಮಲಯಾಳಂ ಚಿತ್ರ ‘ಪತ್ತೇಮಾರಿ’ (2015) ಇದಕ್ಕೆ ಉತ್ತಮ ನಿದರ್ಶನ. ಮಂಗಳೂರು-ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಇದು ಸ್ವಂತ ಕಥೆಯೇ.

ಕನ್ನಡದ ನಂಟು

ಕನ್ನಡದಲ್ಲಿ ಈ ವಸ್ತುವನ್ನು ಜನಪ್ರಿಯವಾಗಿಸಿದ ಚಿತ್ರ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕ ಅಮೆರಿಕ’ (1997). ಬಾಲ್ಯದ ಮೂವರು ಗೆಳೆಯರಲ್ಲಿ ಒಬ್ಬ ಅಮೆರಿಕದಲ್ಲಿ ಸಿರಿವಂತನಾಗಿ ಗೆಳತಿಯನ್ನೇ ವರಿಸಿ ಕರೆದೊಯ್ಯುತ್ತಾನೆ. ಮತ್ತೊಬ್ಬ ಊರಲ್ಲೇ ಉಳಿಯುತ್ತಾನೆ. 1990ರ ಅಮೆರಿಕನ್ ಕಾಯಿದೆ ಎಚ್-1ಬಿ ವೀಸಾವನ್ನು ರೂಪಿಸಿ, ಬೆಂಗಳೂರಿನ ಮಧ್ಯಮ ವರ್ಗದ ಮನೆಮನೆಯಲ್ಲೂ ವಿಮಾನದ ಮಾತು ಕೇಳಿಬರುತ್ತಿದ್ದ ಕಾಲವದು. ಚಿತ್ರದ ಸಂಗೀತ ನಿರ್ದೇಶಕ ಮನೋಮೂರ್ತಿ ಸ್ವತಃ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದವರು. ಆದರೂ ಚಿತ್ರದ ಕಣ್ಣು ಊರಲ್ಲಿ ಉಳಿದವನದು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಚಿಗುರಿದ ಕನಸು’ (2003) ಕಡಲು ದಾಟುವುದಿಲ್ಲ. ದೆಹಲಿಯಲ್ಲಿ ಬೆಳೆದ ತರುಣ ಪೂರ್ವಜರ ಹಳ್ಳಿಯನ್ನು ಹುಡುಕಿಕೊಂಡು ಬರುವ ಕಥೆ. ಬೇರು ಕಳೆದುಕೊಳ್ಳಲು ಪಾಸ್‌ಪೋರ್ಟ್ ಬೇಕಿಲ್ಲವೆಂಬುದನ್ನು ಕಾರಂತರು ಬಹಳ ಹಿಂದೆಯೇ ಕಂಡಿದ್ದರು.

ಕನ್ನಡದ ಗಾಢವಾದ ನಂಟು ಇರುವುದು ಪಂಜಾಬಿ ಸಂಭಾಷಣೆಯ ಕೆನಡಾ ಚಿತ್ರವೊಂದರಲ್ಲಿ. ದೀಪಾ ಮೆಹ್ತಾ ಅವರ ‘ಹೆವನ್ ಆನ್ ಅರ್ಥ್’ (2008) ಗಿರೀಶ ಕಾರ್ನಾಡರ ‘ನಾಗಮಂಡಲ’ದ ಕಥೆಯನ್ನು ಟೊರಾಂಟೊ ಪಕ್ಕದ ಬ್ರಾಂಪ್ಟನ್‌ಗೆ ಒಯ್ದಿತು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಹೆಣೆದು ಕಾರ್ನಾಡರು ನಾಟಕ ಬರೆದದ್ದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂದರ್ಶಕರಾಗಿದ್ದಾಗ, 1987-88ರಲ್ಲಿ. ಅದರ ಇಂಗ್ಲಿಷ್ ರೂಪ ಮೊದಲು ರಂಗಕ್ಕೇರಿದ್ದೂ ಅಲ್ಲಿಯೇ. ಉತ್ತರ ಕರ್ನಾಟಕದ ಅಜ್ಜಿಯರು ದೀಪ ಆರಿಸಿದ ಮೇಲೆ ಹೇಳುವಂಥ ಕಥೆ ಹೀಗೆ ಎರಡೆರಡು ಬಾರಿ ವಲಸೆ ಹೋಗಿದೆ.

ಚಿತ್ರದ ಚಾಂದ್ (ಪ್ರೀತಿ ಜಿಂಟಾ) ಲೂಧಿಯಾನದಿಂದ ಮದುವೆಯಾಗಿ ಕೆನಡಾಕ್ಕೆ ಬರುತ್ತಾಳೆ. ಸಣ್ಣ ಮನೆ, ಕಿಕ್ಕಿರಿದ ಜನ, ಮಾತಿಗೆ ಮೊದಲೇ ಕೈಯೆತ್ತುವ ಗಂಡ ರಾಕಿ. ಊರಿನಲ್ಲಿರುವ ಬಂಧುಗಳನ್ನೆಲ್ಲ ಕರೆಸಿಕೊಳ್ಳುವ ಹೊಣೆ ಹೊತ್ತು ಕುಸಿದ ಗಂಡಸು ಅವನು. ಚಿತ್ರ ಅದನ್ನು ತೋರಿಸುತ್ತದೆ, ಆದರೆ ಹೊಡೆತಕ್ಕೆ ಸಮಜಾಯಿಷಿ ಮಾಡುವುದಿಲ್ಲ. ನಾಟಕದಲ್ಲಿ ರಾಣಿಗೆ ವಶೀಕರಣದ ಬೇರು ಕೊಡುವವಳು ಕುರುಡವ್ವ. ಇಲ್ಲಿ ಕೆಲಸದ ಜಾಗದಲ್ಲಿ ಪರಿಚಯವಾದ ಜಮೈಕಾ ಮೂಲದ ಹೆಂಗಸು. ರಾಣಿ ಕೆಂಪೇರಿದ ಸಾರನ್ನು ಹುತ್ತದ ಮೇಲೆ ಚೆಲ್ಲುತ್ತಾಳೆ, ಚಾಂದ್ ಹಾಲನ್ನು ಹಿತ್ತಲಿಗೆ ಚೆಲ್ಲುತ್ತಾಳೆ. ಆಮೇಲೆ ನಾಗರಹಾವು ಗಂಡನ ರೂಪ ತಾಳಿ ಬಂದು ಅವಳೊಡನೆ ಮೃದುವಾಗಿ ಮಾತಾಡುತ್ತದೆ. ನೆರೆಹೊರೆಯಿಲ್ಲದ, ತವರಿಗೆ ಓಡಲಾಗದ ಆ ಚಳಿಯ ಊರಿನಲ್ಲಿ ಅವಳಿಗೆ ಬೇಕಿದ್ದದ್ದು ಆ ಮಾತು.

ಎರಡೂ ಕಥೆಗಳಲ್ಲಿ ಹೆಂಡತಿಯ ಶೀಲದ ಪ್ರಶ್ನೆ ಬರುತ್ತದೆ, ಎರಡರಲ್ಲೂ ಅವಳು ಹಾವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡುತ್ತಾಳೆ. ದಿವ್ಯದಲ್ಲಿ ಗೆದ್ದ ರಾಣಿಯನ್ನು ಊರು ದೇವಿಯೆಂದು ಮೆರೆಸುತ್ತದೆ. ಅವಳು ಅದೇ ಮನೆಯಲ್ಲಿ, ಅದೇ ಗಂಡನೊಡನೆ ಉಳಿಯುತ್ತಾಳೆ. ಬ್ರಾಂಪ್ಟನ್‌ನ ಚಾಂದ್ ತನ್ನ ಪಾಸ್‌ಪೋರ್ಟ್ ತೆಗೆದುಕೊಂಡು ಮನೆಯಿಂದ ಹೊರನಡೆಯುತ್ತಾಳೆ.